ಸಿಬಿಲ್ ‘ಸರಿ ಮಾಡಿಕೊಡುವವರು’: ದುಡ್ಡು ಕಟ್ಟುವ ಮುನ್ನ ನಾವು ತಿಳಿದಿರಬೇಕಾದದ್ದು

ಜಮಖಂಡಿಯಲ್ಲಿ ಬೇಕರಿ ನಡೆಸುತ್ತಿರುವ ನಮ್ಮ ಪುಟದ ಓದುಗರೊಬ್ಬರು ಮೊನ್ನೆ ಫೋನ್ ಮಾಡಿದ್ದರು. ರಮಝಾನ್ ಬರುವುದರೊಳಗೆ ಹೊಸ ಓವನ್ ಹಾಕಬೇಕೆಂದು ಬ್ಯಾಂಕಿಗೆ ಸಾಲದ ಅರ್ಜಿ ಕೊಟ್ಟಿದ್ದರು. ಮ್ಯಾನೇಜರ್ ಕಂಪ್ಯೂಟರ್ ನೋಡಿ, “ಸಾಹೇಬ್ರ, ನಿಮ್ಮ ಸಿಬಿಲ್ ಬಾಳ ಕಮ್ಮಿ ಐತ್ರಿ, ಸಾಲ ಕೊಡಾಕ ಬರಂಗಿಲ್ಲ” ಎಂದು ಕಾಗದ ವಾಪಸ್ ಕೊಟ್ಟರು. ಯಾಕೆ ಕಡಿಮೆಯಾಯಿತು ಎಂದು ಇವರು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ಎರಡು ದಿನ ಬಿಟ್ಟು ವಾಟ್ಸ್‌ಆ್ಯಪಿಗೆ ಒಂದು ಜಾಹೀರಾತು ಬಂತು. ಮೂವತ್ತು ದಿನದಲ್ಲಿ ಸ್ಕೋರ್ 750, ಹಳೇ ಬಾಕಿ ಡಿಲೀಟ್, ನೂರಕ್ಕೆ ನೂರು ಗ್ಯಾರಂಟಿ. ಫೋನ್ ಮಾಡಿದರೆ ಆ ಕಡೆಯವರು ಬಹಳ ಮರ್ಯಾದೆಯಿಂದ ಮಾತಾಡಿದರು. ಮೊದಲು 5,900 ರೂ. ಕಟ್ಟಿಸಿಕೊಂಡರು. ಆಧಾರ್, ಪ್ಯಾನ್ ಫೋಟೊ ತರಿಸಿಕೊಂಡರು. ಒಂದು ಓಟಿಪಿ ಕೇಳಿದರು, ಇವರು ಹೇಳಿದರು. ಹತ್ತು ದಿನ ಬಿಟ್ಟು, “ಫೈಲ್ ರೆಡಿ ಇದೆ, ಬ್ಯಾಂಕ್ ಚಾರ್ಜ್ 9,000 ಕಟ್ಟಿದರೆ ಆಯ್ತು” ಎಂದರು. ಅದನ್ನೂ ಕಟ್ಟಿದ ಮೇಲೆ ಆ ನಂಬರ್ ಸ್ವಿಚ್ ಆಫ್.

“ಕಾಕ, ಹೆಸರು ಮಾತ್ರ ಹಾಕ್ಬೇಡಿ ಆಯ್ತಾ. ಅಂಗಡಿಗೆ ಬಂದವ್ರು ನಗ್ತಾರೆ. ಆದ್ರೆ ಬರೀರಿ, ಬೇರೆಯವ್ರಾದ್ರೂ ಜಾಗ್ರತೆ ಮಾಡ್ಲಿ” ಎಂದರು. ಅದಕ್ಕಾಗಿ ಈ ವಾರ ಈ ವಿಷಯ.

ಈ ನಾಲ್ಕು ಊರು, ಈ ಸಾಲ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸಾಲವಿಲ್ಲದೆ ನಡೆಯುವ ಊರುಗಳಲ್ಲ. ರಬಕವಿ-ಬನಹಟ್ಟಿಯ ಮಗ್ಗಕ್ಕೆ ನೂಲು ತರಲು ಸಾಲ ಬೇಕು. ಜಮಖಂಡಿ, ಮುಧೋಳದ ಕಬ್ಬಿಗೆ ಬೀಜ, ಗೊಬ್ಬರ, ಕಟಾವಿಗೆ ಸಾಲ ಬೇಕು. ಬೀಳಗಿಯಲ್ಲಿ ಆಲಮಟ್ಟಿ ಹಿನ್ನೀರಿಗೆ ಮನೆ-ಹೊಲ ಬಿಟ್ಟುಕೊಟ್ಟು ಹೊಸ ಜಾಗದಲ್ಲಿ ಬದುಕು ಕಟ್ಟಿಕೊಂಡ ಊರುಗಳೇ ಇವೆ. ಕಾರ್ಖಾನೆಗೆ ಕಬ್ಬು ಕೊಟ್ಟ 14 ದಿನದೊಳಗೆ ರೈತರಿಗೆ ಹಣ ಸಿಗಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಬಿಲ್ ತಡವಾದಾಗ ರೈತರ ಕಂತು ತಪ್ಪುತ್ತದೆ, ನಮ್ಮವರ ಬೇಕರಿ, ಹೋಟೆಲುಗಳ ಉದ್ರಿ ಪುಸ್ತಕವೂ ಉದ್ದವಾಗುತ್ತದೆ. ಆಮೇಲೆ ನಮ್ಮವರ ಕಂತೂ ತಪ್ಪುತ್ತದೆ.

ಕರಾವಳಿಯಿಂದ ಬಂದು ಇಲ್ಲಿ ಅಂಗಡಿ ಇಟ್ಟವರಿಗೆ ಇನ್ನೂ ಎರಡು ತೊಡಕುಗಳಿವೆ. ಒಂದು, ಬ್ಯಾಂಕಿನ ಕಾಗದ ಹೋಗುವುದು ಊರಿನ ಹಳೆಯ ವಿಳಾಸಕ್ಕೆ, ವ್ಯಾಪಾರ ಇರುವುದು ಇಲ್ಲಿ. ಬಾಕಿಯ ನೋಟಿಸ್ ಬಂದರೂ ಕೈಗೆ ಸಿಗುವುದಿಲ್ಲ. ಇನ್ನೊಂದು, ಬಡ್ಡಿಯ ವ್ಯವಹಾರ ಬೇಡವೆಂದು ಬ್ಯಾಂಕಿನಿಂದ ದೂರ ಇದ್ದ ಎಷ್ಟೋ ಮನೆಗಳಲ್ಲಿ ಸಾಲದ ದಾಖಲೆಯೇ ಇಲ್ಲ. ಇಲ್ಲಿ ಸೊಸೈಟಿಗಳಲ್ಲಿ ಸಾಲ ತೆಗೆದು ಸರಿಯಾಗಿ ಕಟ್ಟಿದವರಿದ್ದಾರೆ. ಆದರೆ ಎಷ್ಟೋ ಸೊಸೈಟಿಗಳ ಲೆಕ್ಕ ಸಿಬಿಲ್‌ಗೆ ಹೋಗುವುದೇ ಇಲ್ಲ. ಹಾಗಾಗಿ ಪ್ರಾಮಾಣಿಕವಾಗಿ ಕಟ್ಟಿದವರೂ ಬ್ಯಾಂಕಿನ ಮುಂದೆ ಹೊಸಬರಂತೆ ನಿಲ್ಲಬೇಕಾಗುತ್ತದೆ. ಮೊದಲ ಸಲ ಸಾಲ ಕೇಳುವವರನ್ನು ಹಳೆಯ ದಾಖಲೆ ಇಲ್ಲ ಎಂಬ ಒಂದೇ ಕಾರಣಕ್ಕೆ ವಾಪಸ್ ಕಳಿಸಬಾರದು ಎಂದು ಕೇಂದ್ರ ಹಣಕಾಸು ಸಚಿವಾಲಯ 2025ರ ಆಗಸ್ಟ್‌ನಲ್ಲಿ ಲೋಕಸಭೆಗೆ ತಿಳಿಸಿದೆ. ರಿಸರ್ವ್ ಬ್ಯಾಂಕ್ ಎಲ್ಲರಿಗೂ ಇಷ್ಟು ಸ್ಕೋರ್ ಇರಲೇಬೇಕು ಎಂದು ಗೆರೆ ಹಾಕಿಲ್ಲ. ಇದು ಗೊತ್ತಿಲ್ಲದವರೇ ಜಾಹೀರಾತಿನ ನಂಬರಿಗೆ ಫೋನ್ ಮಾಡುವುದು.

ಬರೆಯುವವರು ಯಾರು, ಅಳಿಸುವವರು ಯಾರು?

ನಾವು ‘ಸಿಬಿಲ್’ ಎಂದು ಒಂದೇ ಹೆಸರು ಹೇಳುತ್ತೇವೆ. ದೇಶದಲ್ಲಿ ಇಂಥ ಕಂಪೆನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. 2005ರ ಕಾಯ್ದೆಯಡಿ, ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದು ಇವು ನಡೆಯುತ್ತವೆ. ಸಿಬಿಲ್ ಸ್ಕೋರ್ 300ರಿಂದ 900ರ ಒಳಗೆ ಇರುತ್ತದೆ.

ಈ ಕಂಪೆನಿಗಳು ತಾವಾಗಿ ಏನನ್ನೂ ಬರೆಯುವುದಿಲ್ಲ. ಬ್ಯಾಂಕು, ಫೈನಾನ್ಸ್, ಮೈಕ್ರೋಫೈನಾನ್ಸ್‌ನವರು ಕಳಿಸಿದ ಲೆಕ್ಕವನ್ನೇ ಇಟ್ಟುಕೊಳ್ಳುತ್ತವೆ. ಸಾಲ ಕೊಟ್ಟವರು ‘ಹೌದು, ಇದು ತಪ್ಪು’ ಎಂದು ಒಪ್ಪದೆ ಸಿಬಿಲ್ ಕಂಪೆನಿಯೂ ಒಂದು ಸಾಲನ್ನೂ ತಿದ್ದುವಂತಿಲ್ಲ. ಹಾಗಿದ್ದ ಮೇಲೆ ಹೊರಗಿನ ಏಜೆಂಟ್ ‘ಒಳಗೆ ನಮ್ಮವರಿದ್ದಾರೆ, ಡಿಲೀಟ್ ಮಾಡಿಸುತ್ತೇವೆ’ ಎಂದರೆ ಅದು ಸುಳ್ಳೆಂದೇ ತಿಳಿಯಬೇಕು.

ಇಡೀ ವಿಷಯ ನಿಂತಿರುವುದು ಇಲ್ಲಿ. ನಮ್ಮ ವರದಿಯಲ್ಲಿ ತಪ್ಪು ದಾಖಲೆ ಇದ್ದರೆ ಅದನ್ನು ಸರಿಪಡಿಸುವುದು ನಮ್ಮ ಹಕ್ಕು, ಅದಕ್ಕೆ ಒಂದು ರೂಪಾಯಿಯೂ ಬೇಡ. ನಿಜವಾದ ದಾಖಲೆ ಇದ್ದರೆ ಎಷ್ಟು ದುಡ್ಡು ಕೊಟ್ಟರೂ ಅದನ್ನು ಅಳಿಸಲು ಯಾರಿಗೂ ಆಗುವುದಿಲ್ಲ. ಮೊದಲನೆಯದಕ್ಕೆ ಏಜೆಂಟ್ ಬೇಕಿಲ್ಲ. ಎರಡನೆಯದಕ್ಕೆ ಏಜೆಂಟ್ ಇದ್ದೂ ಪ್ರಯೋಜನವಿಲ್ಲ.

ತಪ್ಪಿದ್ದರೆ ಏನು ಮಾಡಬೇಕು?

ಮೊದಲು ವರದಿ ತೆಗೆದುಕೊಳ್ಳಿ. ನಾಲ್ಕು ಕಂಪೆನಿಗಳೂ ವರ್ಷಕ್ಕೆ ಒಂದು ಸಲ ಸ್ಕೋರ್ ಸಮೇತ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. 2017ರಿಂದ ಈ ನಿಯಮ ಇದೆ. ಕಂಪೆನಿಯ ಸ್ವಂತ ವೆಬ್‌ಸೈಟಿಗೇ ಹೋಗಬೇಕು, ವಾಟ್ಸ್‌ಆ್ಯಪಿನಲ್ಲಿ ಬಂದ ಲಿಂಕ್ ಒತ್ತಬಾರದು. ಅಲ್ಲಿ ದುಡ್ಡು ಕೊಟ್ಟು ತಿಂಗಳು ತಿಂಗಳು ನೋಡುವ ಪ್ಲಾನ್‌ಗಳೂ ಕಾಣುತ್ತವೆ, ಅವು ಬೇಕಿಲ್ಲ. ನಮ್ಮ ವರದಿಯನ್ನು ನಾವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಸಾಲಕ್ಕೆಂದು ಒಂದೇ ವಾರದಲ್ಲಿ ಐದಾರು ಕಡೆ ಅರ್ಜಿ ಹಾಕಿದರೆ ಮಾತ್ರ ಇಳಿಯುತ್ತದೆ.

ವರದಿಯಲ್ಲಿ ಏನು ನೋಡಬೇಕು? ಹೆಸರು, ಹುಟ್ಟಿದ ದಿನ, ಪ್ಯಾನ್ ಸರಿ ಇದೆಯಾ. ನಮ್ಮಲ್ಲಿ ಒಂದೇ ಹೆಸರಿನವರು ಬಹಳ ಜನ. ಒಂದು ಕಡೆ ಮುಹಮ್ಮದ್, ಇನ್ನೊಂದು ಕಡೆ ಮೊಹಮ್ಮದ್, ಆಧಾರಿನಲ್ಲಿ ಬರೀ ‘ಎಂ.ಡಿ.’ ಎಂದು ಇರುವುದುಂಟು. ಬೇರೆಯವರ ಸಾಲ ನಮ್ಮ ಲೆಕ್ಕಕ್ಕೆ ಬಂದಿದೆಯಾ ನೋಡಬೇಕು. ಮುಗಿಸಿದ ಸಾಲ ಇನ್ನೂ ಚಾಲ್ತಿಯಲ್ಲಿದೆ ಎಂದು ಇದೆಯಾ ನೋಡಬೇಕು. ಕರಾವಳಿಯವರು ಇನ್ನೊಂದು ಮಾತು ನೆನಪಿಡಬೇಕು. ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷದ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಉಡುಪಿಯಲ್ಲಿ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಹಾಗಾಗಿ ಊರಿನಲ್ಲಿ ಮಾಡಿದ ಹಳೆಯ ಸಾಲ ವರದಿಯಲ್ಲಿ ಬೇರೆ ಬ್ಯಾಂಕಿನ ಹೆಸರಿನಲ್ಲಿ ಕಾಣಬಹುದು. ಗೊತ್ತಿಲ್ಲದ ಹೆಸರು ಎಂದು ಗಾಬರಿಯಾಗುವ ಮೊದಲು ಇದನ್ನು ನೋಡಿಕೊಳ್ಳಿ.

ತಪ್ಪು ಕಂಡರೆ ಅದೇ ವೆಬ್‌ಸೈಟಿನಲ್ಲಿ ದೂರು ಹಾಕಬಹುದು. ಬ್ಯಾಂಕ್ ಶಾಖೆಗೂ ಒಂದು ಅರ್ಜಿ ಬರೆದು, ಅದರ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ದೂರು ಕೊಟ್ಟ ದಿನದಿಂದ 30 ದಿನದೊಳಗೆ ಇತ್ಯರ್ಥ ಆಗಬೇಕು. ಅದರಲ್ಲಿ 21 ದಿನ ಸಾಲ ಕೊಟ್ಟವರಿಗೆ, ಉಳಿದದ್ದು ಸಿಬಿಲ್ ಕಂಪೆನಿಗೆ. ಅದು ಮೀರಿದರೆ ದಿನಕ್ಕೆ 100 ರೂ.ಯಂತೆ ನಮಗೆ ಪರಿಹಾರ ಕೊಡಬೇಕು. 2024ರ ಏಪ್ರಿಲ್ 26ರಿಂದ ಇದು ಜಾರಿಯಲ್ಲಿದೆ. ತಿದ್ದಲು ಆಗದು ಎಂದರೆ ಯಾಕೆ ಆಗದು ಎಂದೂ ತಿಳಿಸಬೇಕು.

ಆಗಲೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. 2022ರ ಸೆಪ್ಟೆಂಬರ್‌ನಿಂದ ಸಿಬಿಲ್‌ನಂಥ ಕಂಪೆನಿಗಳೂ ಅವರ ವ್ಯಾಪ್ತಿಗೆ ಬಂದಿವೆ. ಅಲ್ಲಿ ಫೀಸ್ ಇಲ್ಲ. ನಮ್ಮ ಪರವಾಗಿ ವಕೀಲರು ದೂರು ಹಾಕುವಂತೆಯೂ ಇಲ್ಲ, ಕಷ್ಟ ಆದವರೇ ಬರೆಯಬೇಕು ಎಂಬುದು ನಿಯಮ. ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು. ಸಾಮಾನ್ಯ ಜನ ತಾವೇ ಬರೆದುಕೊಳ್ಳಲಿ ಎಂದೇ ಮಾಡಿಟ್ಟ ದಾರಿ ಇದು. ಇದೇ ದಾರಿಯ ಬಾಗಿಲಲ್ಲಿ ನಿಂತು ಏಜೆಂಟರು ಟಿಕೆಟ್ ಮಾರುತ್ತಿದ್ದಾರೆ.

ನಿಜವಾದ ಬಾಕಿ ಇದ್ದರೆ?

ಇಲ್ಲಿ ಸಿಹಿ ಮಾತು ಹೇಳಿ ಪ್ರಯೋಜನವಿಲ್ಲ. ಬಾಕಿ ಕಟ್ಟಬೇಕು, ಆಮೇಲೆ ಕಂತು ತಪ್ಪದಂತೆ ನೋಡಿಕೊಳ್ಳಬೇಕು, ಸಮಯ ಕೊಡಬೇಕು. ಸಿಬಿಲ್ ವರದಿಯಲ್ಲಿ 36 ತಿಂಗಳವರೆಗಿನ ಕಂತಿನ ಲೆಕ್ಕ ಕಾಣುತ್ತದೆ. ಬ್ಯಾಂಕುಗಳು ಈಗ ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಲೆಕ್ಕ ಕಳಿಸಬೇಕು, ಹಾಗಾಗಿ ಕಟ್ಟಿದ್ದು ಮೊದಲಿಗಿಂತ ಬೇಗ ವರದಿಗೆ ಬರುತ್ತದೆ. ಆದರೆ ತಪ್ಪಿದ ತಿಂಗಳುಗಳ ಗುರುತು ಒಂದೇ ಸಲಕ್ಕೆ ಮಾಯವಾಗುವುದಿಲ್ಲ.

ಇಲ್ಲಿ ಒಂದು ಗುಂಡಿ ಇದೆ. ಒಂದು ಲಕ್ಷ ಬಾಕಿ ಇದ್ದರೆ, “ಐವತ್ತು ಸಾವಿರಕ್ಕೆ ಸೆಟಲ್ ಮಾಡಿಸ್ತೀವಿ, ಸಿಬಿಲ್ ಕ್ಲಿಯರ್” ಎನ್ನುವವರು ಸಿಗುತ್ತಾರೆ. ಬ್ಯಾಂಕ್ ಒಪ್ಪಿದರೆ ಸೆಟಲ್‌ಮೆಂಟ್ ಕಾನೂನುಬದ್ಧವೇ. ಆದರೆ ವರದಿಯಲ್ಲಿ ಬರುವುದು ‘ಸೆಟಲ್ಡ್’ ಎಂದು, ‘ಕ್ಲೋಸ್ಡ್’ ಎಂದಲ್ಲ. ಪೂರ್ತಿ ಕಟ್ಟಲಿಲ್ಲ ಎಂದೇ ಮುಂದಿನ ಬ್ಯಾಂಕ್ ಅದನ್ನು ಓದುತ್ತದೆ. ಬೇರೆ ದಾರಿ ಇಲ್ಲದವರಿಗೆ ಸೆಟಲ್‌ಮೆಂಟೇ ಗತಿ ಆಗಬಹುದು. ಆದರೆ ಸಿಬಿಲ್ ಶುದ್ಧವಾಗುತ್ತದೆ ಎಂದು ನಂಬಿ ಮಾಡಬೇಡಿ. ಯಾವುದೇ ಸಾಲ ಮುಗಿಸಿದರೂ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ನೋ ಡ್ಯೂ ಸರ್ಟಿಫಿಕೇಟ್ ಕೇಳಿ ತೆಗೆದಿಡಿ.

ಮೋಸದ ಗುರುತುಗಳು

2023ರ ಡಿಸೆಂಬರ್ 11ರಂದು ರಿಸರ್ವ್ ಬ್ಯಾಂಕ್ ಒಂದು ಎಚ್ಚರಿಕೆ ಹೊರಡಿಸಿತ್ತು. ಕೆಲವರು ಪತ್ರಿಕೆ, ಸಾಮಾಜಿಕ ಜಾಲತಾಣಗಳಲ್ಲಿ ಸಾಲಮನ್ನಾದ ಪ್ರಚಾರ ಮಾಡಿ, ಯಾವ ಅಧಿಕಾರವೂ ಇಲ್ಲದೆ ‘ಸಾಲಮನ್ನಾ ಪ್ರಮಾಣಪತ್ರ’ ಕೊಡುತ್ತಿದ್ದಾರೆ, ಅದಕ್ಕೆ ಸರ್ವಿಸ್ ಚಾರ್ಜ್, ಕಾನೂನು ಫೀಸ್ ಎಂದು ಹಣ ಪಡೆಯುತ್ತಿದ್ದಾರೆ ಎಂಬುದು ಅದರ ಸಾರಾಂಶ. ಸಿಬಿಲ್ ರಿಪೇರಿಯವರೂ ಆಡುವುದು ಇದೇ ಆಟ.

ನಮ್ಮ ರಾಜ್ಯದಲ್ಲಿ 2025ರ ಫೆಬ್ರುವರಿಯಲ್ಲಿ ಮೈಕ್ರೋಫೈನಾನ್ಸ್ ಕಿರುಕುಳ ತಡೆಯಲು ಸುಗ್ರೀವಾಜ್ಞೆ ಬಂತು, ಆಮೇಲೆ ವಿಧಾನಮಂಡಲವೂ ಅದಕ್ಕೆ ಒಪ್ಪಿಗೆ ಕೊಟ್ಟಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂ.ವರೆಗೆ ದಂಡ ಇದರಲ್ಲಿದೆ. ಮನೆ ಬಾಗಿಲಿಗೆ ಬಂದು ಹೆಂಗಸರನ್ನು ಬೆದರಿಸುವವರ ಮೇಲೆ ಇದನ್ನು ಬಳಸಲೇಬೇಕು. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಬ್ಯಾಂಕು, ಫೈನಾನ್ಸ್ ಕಂಪೆನಿಗಳು ಈ ಕಾಯ್ದೆಯ ಹೊರಗಿವೆ. ‘ಸರಕಾರ ಕಾನೂನು ಮಾಡಿದೆ, ನಿಮ್ಮ ಸಂಘದ ಸಾಲ ಮನ್ನಾ, ಫಾರ್ಮ್‌ಗೆ ಸಾವಿರ ಕೊಡಿ’ ಎಂದು ಯಾರಾದರೂ ಬಂದರೆ ನಂಬಬೇಡಿ. ಆ ಮಾತು ಕೇಳಿ ಕಂತು ನಿಲ್ಲಿಸಿದರೆ ಸಿಬಿಲ್ ಹಾಳಾಗುವುದು ಮನೆಯ ಹೆಂಗಸಿನದು, ಫಾರ್ಮ್ ಮಾರಿದವನದ್ದಲ್ಲ.

ಈ ಮಾತುಗಳಲ್ಲಿ ಒಂದು ಕೇಳಿದರೂ ಫೋನ್ ಇಟ್ಟುಬಿಡಿ:

ಕೆಲಸಕ್ಕೆ ಮೊದಲೇ ಪೂರ್ತಿ ಹಣ ಕಟ್ಟಿ ಎನ್ನುವುದು. ಇಷ್ಟು ದಿನದಲ್ಲಿ ಇಷ್ಟು ಸ್ಕೋರ್ ಎಂದು ಗ್ಯಾರಂಟಿ ಕೊಡುವುದು. ನಿಜವಾದ ಬಾಕಿಯನ್ನೂ ‘ನನ್ನದಲ್ಲ’ ಎಂದು ಬರೆದುಕೊಡಿ ಎನ್ನುವುದು. ಓಟಿಪಿ, ಪಾಸ್‌ವರ್ಡ್ ಕೇಳುವುದು, ಮೊಬೈಲಿಗೆ ಸ್ಕ್ರೀನ್ ಕಾಣುವ ಆ್ಯಪ್ ಹಾಕಿಸುವುದು. ಅವರದ್ದೇ ಇಮೇಲ್‌ನಿಂದ ನಮ್ಮ ಹೆಸರಿನ ಖಾತೆ ತೆರೆಯುವುದು. ಹೊಸ ಪ್ಯಾನ್ ಮಾಡಿಸಿ ಹೊಸ ಸಿಬಿಲ್ ಶುರು ಮಾಡೋಣ ಎನ್ನುವುದು. ಒಬ್ಬರು ಎರಡು ಪ್ಯಾನ್ ಇಟ್ಟುಕೊಳ್ಳುವುದೇ ತಪ್ಪು, ಅದಕ್ಕೆ 10,000 ರೂ. ದಂಡ ಇದೆ. ನಗದು, ಇಲ್ಲವೇ ಯಾರದ್ದೋ ಸ್ವಂತ ಯುಪಿಐ ನಂಬರಿಗೆ ಮಾತ್ರ ಕಳಿಸಿ, ರಶೀದಿ ಇಲ್ಲ ಎನ್ನುವುದು.

ಹಾಗಾದರೆ ದುಡ್ಡು ತೆಗೆದುಕೊಳ್ಳುವವರೆಲ್ಲ ಕಳ್ಳರಾ?

ಅಲ್ಲ. ಇಂಗ್ಲಿಷ್ ಓದಲು ಬರದವರಿಗೆ ವರದಿ ತೆಗೆದು, ಓದಿ ಹೇಳಿ, ಅರ್ಜಿ ಬರೆದುಕೊಡುವವರು ಬೇಕಾಗುತ್ತಾರೆ. ನಮ್ಮ ಅಂಗಡಿಯ ಲೆಕ್ಕ ನೋಡುವ ಆಡಿಟರ್ ಇರಬಹುದು, ಸೇವಾ ಕೇಂದ್ರದ ಹುಡುಗ ಇರಬಹುದು, ಸಲಹೆ ಕೊಡುವ ಕಂಪೆನಿಯೂ ಇರಬಹುದು. ಪಟ್ಟ ಶ್ರಮಕ್ಕೆ ಕೂಲಿ ತೆಗೆದುಕೊಳ್ಳುವುದು ತಪ್ಪಲ್ಲ. ವ್ಯತ್ಯಾಸ ಅವರು ಕೊಡುವ ಮಾತಿನಲ್ಲಿದೆ. ಸಾಚಾ ಮನುಷ್ಯ ಮೊದಲು ವರದಿ ನೋಡುತ್ತಾನೆ, ‘ಇದು ಬ್ಯಾಂಕಿನ ತಪ್ಪು, ಇದು ನಿಮ್ಮ ಬಾಕಿ’ ಎಂದು ಬೇರೆ ಮಾಡಿ ಹೇಳುತ್ತಾನೆ. ಈ ದೂರನ್ನು ನೀವೇ ಪುಕ್ಕಟೆ ಹಾಕಬಹುದು ಎಂದೂ ಹೇಳುತ್ತಾನೆ. ಏನು ಕೆಲಸ, ಎಷ್ಟು ಫೀಸ್ ಎಂದು ಬರೆದುಕೊಡುತ್ತಾನೆ. ನಮ್ಮ ಮೊಬೈಲ್, ನಮ್ಮ ಇಮೇಲ್‌ನಲ್ಲೇ, ನಮ್ಮ ಎದುರೇ ಕೆಲಸ ಮಾಡುತ್ತಾನೆ. ಸ್ಕೋರ್ ಎಷ್ಟಾಗುತ್ತದೆ ಎಂದು ಮಾತ್ರ ಹೇಳುವುದಿಲ್ಲ, ಅದು ಅವನ ಕೈಯಲ್ಲಿಲ್ಲ.

ಅಮೆರಿಕದಲ್ಲಿ ಈ ದಂಧೆ ಬೆಳೆದಾಗ 1996ರಲ್ಲೇ ಕಾನೂನು ಮಾಡಿದರು. ಒಪ್ಪಿಕೊಂಡ ಕೆಲಸ ಪೂರ್ತಿಯಾಗುವ ತನಕ ಹಣ ಪಡೆಯುವಂತಿಲ್ಲ, ಕರಾರು ಬರವಣಿಗೆಯಲ್ಲಿರಬೇಕು, ಮೂರು ದಿನದೊಳಗೆ ಗಿರಾಕಿ ಅದನ್ನು ರದ್ದು ಮಾಡಬಹುದು. ಯಾರಾದರೂ ನಮ್ಮ ಬಳಿ ಬಂದರೆ ನಾವೂ ಇದೇ ಮೂರು ಮಾತು ಕೇಳೋಣ. ಒಪ್ಪದವರ ಸಹವಾಸ ಬೇಡ. ಪುಕ್ಕಟೆ ಸಲಹೆ ಬೇಕಿದ್ದವರು ಬ್ಯಾಂಕುಗಳೇ ನಡೆಸುವ ಆರ್ಥಿಕ ಸಾಕ್ಷರತಾ ಕೇಂದ್ರದ ವಿಳಾಸವನ್ನು ಬಾಗಲಕೋಟೆಯ ಲೀಡ್ ಬ್ಯಾಂಕ್ ಕಚೇರಿಯಲ್ಲಿ ವಿಚಾರಿಸಿ.

ಜಾಮೀನು ಮತ್ತು ಗಲ್ಫ್

ಈಗ ಬೇಕರಿಯವರ ಕತೆಗೆ ಬರೋಣ. ದುಡ್ಡು ಹೋದ ಮೇಲೆ ಮಗಳು ಕೂತು ಉಚಿತ ವರದಿ ತೆಗೆದಳು. ಸ್ಕೋರ್ ಇಳಿಸಿದ್ದು ಎರಡು ದಾಖಲೆ. ಒಂದು, ತಂಗಿಯ ಗಂಡನ ಗೂಡ್ಸ್ ಗಾಡಿ ಸಾಲಕ್ಕೆ ಇವರು ಹಾಕಿದ ಜಾಮೀನು. ಅದರಲ್ಲಿ ನಾಲ್ಕು ಕಂತು ಬಾಕಿ. ಇನ್ನೊಂದು, ಇವರು ಹಿಂದೆ ಗಲ್ಫ್‌ನಲ್ಲಿದ್ದಾಗ ಊರಿನಲ್ಲಿ ಬಿಟ್ಟುಹೋಗಿದ್ದ ಕ್ರೆಡಿಟ್ ಕಾರ್ಡ್. ಮುಚ್ಚಲು ಕಾಗದ ಕೊಟ್ಟಿದ್ದರೂ ವಾರ್ಷಿಕ ಫೀಸ್ ಬೆಳೆದು ಬಾಕಿ ಎಂದು ದಾಖಲಾಗಿತ್ತು.

ಎರಡೂ ನಮ್ಮ ಮನೆಗಳಲ್ಲಿ ನಡೆಯುವಂಥದ್ದೇ. ಜಾಮೀನು ಹಾಕುವುದನ್ನು ನಾವು ಮಾತಿನ ಮರ್ಯಾದೆ ಎಂದುಕೊಂಡಿದ್ದೇವೆ. ‘ಒಂದು ಸೈನ್ ತಾನೇ’ ಎನ್ನುತ್ತೇವೆ. ಬ್ಯಾಂಕಿಗೆ ಅದು ಸಾಲವೇ, ನಮ್ಮ ವರದಿಯಲ್ಲೂ ಕಾಣುತ್ತದೆ. ಜಾಮೀನು ಬೇಡ ಎನ್ನುವುದಿಲ್ಲ, ಕುಟುಂಬ ಎಂದ ಮೇಲೆ ಹೆಗಲು ಕೊಡಬೇಕು. ಆದರೆ ಸಹಿ ಮಾಡಿದವರು ಆರು ತಿಂಗಳಿಗೊಮ್ಮೆ ಕಂತಿನ ರಶೀದಿ ಕೇಳಿ ನೋಡಬೇಕು. ಕೇಳಿದರೆ ಬೇಸರ ಮಾಡಿಕೊಳ್ಳುವ ಅಗತ್ಯ ಅವರಿಗೂ ಇಲ್ಲ.

ಕಾರ್ಡಿನ ವಿಷಯದಲ್ಲೂ ನಿಯಮ ನಮ್ಮ ಪರವಾಗಿದೆ. ಬಾಕಿ ಇಲ್ಲದ ಕಾರ್ಡ್ ಮುಚ್ಚಿ ಎಂದು ಕೇಳಿದ ಏಳು ಕೆಲಸದ ದಿನಗಳೊಳಗೆ ಬ್ಯಾಂಕ್ ಮುಚ್ಚಬೇಕು, ಇಲ್ಲದಿದ್ದರೆ ದಿನಕ್ಕೆ 500 ರೂ.ಯಂತೆ ಕೊಡಬೇಕು. 2022ರ ಜುಲೈಯಿಂದ ಇದು ಇದೆ. ವಿಮಾನ ಹತ್ತುವ ಮೊದಲು ಕಾರ್ಡ್, ಸಣ್ಣ ಸಾಲ ಎಲ್ಲ ಮುಗಿಸಿ ಕಾಗದ ಉಮ್ಮನ ಕೈಯಲ್ಲೋ ಹೆಂಡತಿಯ ಕೈಯಲ್ಲೋ ಕೊಟ್ಟು ಹೋಗಿ.

ಬೇಕರಿಯವರು ತಂಗಿಯ ಗಂಡನನ್ನು ಕೂರಿಸಿ ಮಾತಾಡಿದರು. ಇಬ್ಬರೂ ಸೇರಿ ಬಾಕಿ ಕಂತು ಕಟ್ಟಿದರು. ಅದು ನಿಜವಾದ ದಾಖಲೆ, ಗುರುತು ಕೆಲಕಾಲ ಉಳಿಯುತ್ತದೆ. ಕಾರ್ಡಿನ ಬಗ್ಗೆ ಮಗಳೇ ದೂರು ಬರೆದು, ಹಳೆಯ ಕಾಗದದ ಫೋಟೊ ಲಗತ್ತಿಸಿದಳು. 26ನೇ ದಿನಕ್ಕೆ ತಿದ್ದುಪಡಿ ಆಯಿತು. ಖರ್ಚು ಏನೂ ಇಲ್ಲ. ಓವನ್ ಈ ರಮಝಾನಿಗೆ ಬರಲಿಲ್ಲ, ಬಹುಶಃ ಮುಂದಿನ ವರ್ಷ. ಏಜೆಂಟನಿಗೆ ಕೊಟ್ಟ 14,900 ರೂ. ವಾಪಸ್ ಬಂದಿಲ್ಲ. ಹಣ ಹೋದ ಗಂಟೆಯಲ್ಲೇ 1930ಕ್ಕೆ ಫೋನ್ ಮಾಡಿದ್ದರೆ ತಡೆಹಿಡಿಯುವ ಅವಕಾಶ ಇತ್ತು. ನಾಚಿಕೆಯಿಂದ ಮೂರು ವಾರ ಸುಮ್ಮನಿದ್ದರು. ಓಟಿಪಿ ಕೊಟ್ಟಿದ್ದರಿಂದ ಈಗ ತಮ್ಮ ಹೆಸರಿನಲ್ಲಿ ಹೊಸ ಸಾಲ ಎದ್ದಿದೆಯಾ ಎಂದು ಆಗಾಗ ವರದಿ ನೋಡುತ್ತಿದ್ದಾರೆ.

ಜಮಾಅತ್ ಏನು ಮಾಡಬಹುದು?

ಕುರ್‌ಆನಿನ ಅತಿ ಉದ್ದದ ವಚನ ಸೂರಃ ಅಲ್-ಬಖರಾದ 282ನೆಯದು. ಅದು ಸಾಲವನ್ನು ಬರೆದಿಡುವ, ಬರೆಯುವವನು ನ್ಯಾಯವಾಗಿ ಬರೆಯುವ ಬಗ್ಗೆ ಇರುವಂಥದ್ದು. ಸಾಲದ ದಾಖಲೆ ಸತ್ಯವಾಗಿರಬೇಕು ಎಂಬುದು ನಮಗೆ ಹೊಸ ಪಾಠ ಅಲ್ಲ. ಸುಳ್ಳು ಬರೆದಿದ್ದರೆ ತಿದ್ದಿಸಲು ಹೋರಾಡೋಣ. ನಿಜ ಬರೆದಿದ್ದರೆ ಅದನ್ನು ಅಳಿಸುತ್ತೇನೆ ಎನ್ನುವವನಿಗೆ ಕೊಡುವ ದುಡ್ಡನ್ನು ಸಾಲಕ್ಕೇ ಕಟ್ಟೋಣ.

ನಮ್ಮ ಜಮಾಅತ್‌ಗಳಲ್ಲಿ ಕಂಪ್ಯೂಟರ್ ಬಲ್ಲ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ತಿಂಗಳಿಗೊಂದು ಜುಮಾ ನಂತರ, ಹೆಂಗಸರಿಗೆ ಮದ್ರಸದಲ್ಲಿ ಇನ್ನೊಂದು ದಿನ, ಅವರವರ ಮೊಬೈಲಿನಲ್ಲೇ ಉಚಿತ ವರದಿ ತೆಗೆದು ಓದಿ ಹೇಳುವ ವ್ಯವಸ್ಥೆ ಮಾಡಲು ಖರ್ಚೇನಿಲ್ಲ. ಓಟಿಪಿ ಯಾರೂ ಕೇಳಬಾರದು, ಒಬ್ಬರ ಲೆಕ್ಕ ಇನ್ನೊಬ್ಬರ ಕಿವಿಗೆ ಬೀಳಬಾರದು, ಈ ಎರಡು ಶಿಸ್ತು ಇದ್ದರೆ ಸಾಕು. ಯಾವ ಊರಿನ ಜಮಾಅತ್ ಮೊದಲು ಶುರು ಮಾಡಿದರೂ ನಮಗೆ ತಿಳಿಸಿ, ಈ ಪುಟದಲ್ಲಿ ಬರೆಯುತ್ತೇವೆ.